ಯಾರ್ಕ್‌ಷೈರ್ ನಿವಾಸಿಗಳಿಗೆ ಮಾತ್ರ

ಮಿಲ್ ಕಾಟೇಜ್, ರೇವನ್ಸ್‌ಗಿಲ್
3 ಏಪ್ರಿಲ್ 1974

ಅಕ್ಕಾ,

ನಿನ್ನೆ ಕೌನ್ಸಿಲ್‌ನವರು ಬಂದು ಸೇತುವೆಯ ಮೇಲೆ ಬೋರ್ಡು ನೆಟ್ಟು ಹೋದರು. ಒಂದು ಕಂಬ, ಎರಡು ಮುಖ. ನಿನ್ನ ಕಡೆಯಿಂದ ಬರುವವರಿಗೆ ‘ಲ್ಯಾಂಕಷೈರ್’. ನನ್ನ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ‘ಉತ್ತರ ಯಾರ್ಕ್‌ಷೈರ್’. ಪಾತ್ರೆ ತೊಳೆಯಲು ನಿಂತಾಗಲೆಲ್ಲ ಅದೇ ಕಣ್ಣಿಗೆ ಹೊಡೆಯುತ್ತದೆ. ಯಾರ್ಕ್‌ಷೈರ್‌ನಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಗಂಡನನ್ನು ಮಣ್ಣು ಮಾಡಿದ ಐವತ್ತನಾಲ್ಕು ವರ್ಷದ ಹೆಂಗಸಿಗೆ ಯಾರ್ಕ್‌ಷೈರ್ ಯಾವ ಕಡೆಗಿದೆ ಅಂತ ಬೋರ್ಡು ದಾರಿ ತೋರಿಸುತ್ತಿದೆ.

ಹಳ್ಳದ ಈ ದಂಡೆಯನ್ನು ಲ್ಯಾಂಕಷೈರಿಗೆ ಸೇರಿಸಿದ ಹೊಸ ಗಡಿ ಜಾರಿಗೆ ಬಂದದ್ದು ಏಪ್ರಿಲ್ ಒಂದರಂದು. ಲಂಡನ್ನಿನಲ್ಲಿ ಯಾರೋ ಒಬ್ಬರು ನಕ್ಷೆ ಬಿಡಿಸಿಕೊಂಡು ಕೂತು, ನಮ್ಮ ಹಳ್ಳದ ಮೇಲೆ ಪೆನ್ಸಿಲ್ ಎಳೆದು, ಊಟಕ್ಕೆ ಎದ್ದು ಹೋಗಿರಬೇಕು. ನನ್ನ ಸೊಸೆ ಜಾನಿಸ್ ಗೊತ್ತಲ್ಲ, ಲ್ಯಾಂಕಷೈರಿನ ಬರ್ನ್‌ಲಿಯವಳು. ಬೋರ್ಡು ನೋಡಿ ಚಪ್ಪಾಳೆ ತಟ್ಟಿದಳು. “ಅತ್ತೇ, ಇನ್ಮೇಲೆ ನೀವೂ ನಮ್ಮೋರೇ ಆಗ್ಬಿಟ್ರಿ!” ಅಂದಳು. “ಹಾಗೆಲ್ಲ ರಾತ್ರೋರಾತ್ರಿ ಯಾರೂ ಯಾರ ಪೈಕೀನೂ ಆಗಲ್ಲ ಕಣಮ್ಮ” ಅಂದೆ. ಪಾಪ, ಅವಳ ಮುಖ ಸಣ್ಣಗಾಯಿತು.

ನಿನ್ನ ಕೊಟ್ಟಿಗೆ ನನ್ನ ಬಾಗಿಲಿನಿಂದ ಇನ್ನೂರು ಹೆಜ್ಜೆ. ಇಬ್ಬರೂ ಮಾತು ಬಿಟ್ಟು ಮೂರು ವರ್ಷವಾಯಿತು. ಅಮ್ಮನ ಮಣ್ಣಿನ ದಿನ ಪಾದ್ರಿ ನನ್ನ ಗಿಣ್ಣಿನ ಟಾರ್ಟ್ ತಿಂದು “ಥೇಟ್ ನಿಮ್ಮಮ್ಮನ ಕೈರುಚಿ” ಅಂದದ್ದಕ್ಕೆ ನೀನು ತಟ್ಟೆ ಕುಕ್ಕಿ ಎದ್ದು ಹೋದವಳು, ಇವತ್ತಿನವರೆಗೆ ಸೇತುವೆ ದಾಟಿಲ್ಲ. ಹೇಳುವುದನ್ನೆಲ್ಲ ಅಂಚೆಗೆ ಹಾಕುತ್ತೇವೆ. ಅಂಚೆಯ ಕ್ಲಿಫರ್ಡ್ ಅದನ್ನು ಹನ್ನೆರಡು ಮೈಲಿ ಆಚೆ ಒಯ್ದು ಮುದ್ರೆ ಹಾಕಿಸಿ ಎರಡನೇ ದಿನ ಹಳ್ಳ ದಾಟಿಸುತ್ತಾನೆ. ಅವನಾದರೂ ನಮ್ಮಿಬ್ಬರನ್ನು ನೋಡಿ ನಗಲಿ.

ಆಗಸ್ಟ್ ಪ್ರದರ್ಶನದ ಅರ್ಜಿ ಕಳಿಸು. ಎಂದಿನ ಹಾಗೆ, ಟಾರ್ಟ್ ವಿಭಾಗಕ್ಕೆ.

ಆಲಿವ್


ಹೈ ಫೋಲ್ಡ್ ಫಾರ್ಮ್
9 ಏಪ್ರಿಲ್ 1974

ಆಲಿವ್,

ನಿನ್ನ ಕಾಗದ ಓದಿ ಅಯ್ಯೋ ಅನ್ನಿಸಿತು ಅಂತ ಬರೆಯಬೇಕೆಂದು ಪೆನ್ನು ಹಿಡಿದೆ. ಅನ್ನಿಸಲಿಲ್ಲ, ಏನು ಮಾಡಲಿ.

ಹಳ್ಳ ದಾಟಿ ಮದುವೆಯಾಗು ಅಂತ ನಿನಗೆ ಯಾರು ಹೇಳಿದ್ದರು? ಗಿರಣಿಯ ಕ್ಲಾರ್ಕು, ಬಿಳಿ ಕಾಲರು, ಭಾನುವಾರ ರಜೆ ಅಂತ ಹೋದೆ. ನಾನು ಸಗಣಿ ಬಾಚುತ್ತ ಇಲ್ಲೇ ಉಳಿದೆ. ಈಗ ಸಗಣಿಯಾದರೂ ಯಾರ್ಕ್‌ಷೈರ್ ಸಗಣಿ ಅಂತ ಸಮಾಧಾನ.

ಬಿಸ್ಕತ್ತಿನ ಡಬ್ಬದಲ್ಲಿ ನನ್ನ ಹತ್ತಿರ ಹನ್ನೊಂದು ನೀಲಿ ಚೀಟಿ ಇವೆ. ಎಲ್ಲದರ ಮೇಲೂ ‘ಎರಡನೇ ಬಹುಮಾನ, ಶ್ರೀಮತಿ ಎಫ್. ಸಗ್ಡನ್’. ಹನ್ನೊಂದು ಕೆಂಪು ಚೀಟಿ ನಿನ್ನ ಗೋಡೆಯ ಮೇಲೆ ಚೌಕಟ್ಟಿನೊಳಗಿವೆ ಅಂತ ಕ್ಲಿಫರ್ಡ್ ಹೇಳುತ್ತಾನೆ. ಹನ್ನೊಂದು ವರ್ಷವೂ ಹಸು ನನ್ನದು, ಗಿಣ್ಣುಹಾಲು ನನ್ನದು, ಕ್ಯಾನಿನಲ್ಲಿ ತುಂಬಿ ಕಳಿಸಿದ ಕೈ ನನ್ನದು. ಅದೇ ಹಾಲಿನಿಂದ ನನ್ನನ್ನು ಸೋಲಿಸಿ, ಮೂರು ವರ್ಷದ ಹಿಂದಿನವರೆಗೂ “ಪರವಾಗಿಲ್ಲ ಅಕ್ಕಾ, ಮುಂದಿನ ಸಲ” ಅನ್ನುತ್ತಿದ್ದೆಯಲ್ಲ, ಆ ಮಾತಿಗೆ ನನ್ನ ಹೊಟ್ಟೆ ಉರಿದಷ್ಟು ಸೋತಿದ್ದಕ್ಕೂ ಉರಿದಿಲ್ಲ.

ಅರ್ಜಿ ಈಗಲೇ ಕಳಿಸಲಾಗದು. ನಮ್ಮ ನಾಲ್ಕನೇ ನಿಯಮ ನಿನಗೂ ಬಾಯಿಪಾಠ: ‘ಯಾರ್ಕ್‌ಷೈರ್ ನಿವಾಸಿಗಳಿಗೆ ಮಾತ್ರ.’ ಅದರ ಅರ್ಥವೇನು ಅಂತ ಸಮಿತಿಯಲ್ಲಿ ಯಾರೋ ಎತ್ತಿದ್ದಾರೆ. ಜೂನ್‌ನಲ್ಲಿ ಕೂರುತ್ತೇವೆ.

ಫ್ರೀಡಾ


ರೇವನ್ಸ್‌ಗಿಲ್ ಕೃಷಿ ಮತ್ತು ಗೃಹಕಲಾ ಪ್ರದರ್ಶನ
ಕಾರ್ಯದರ್ಶಿಯವರಿಂದ
14 ಜೂನ್ 1974

ಶ್ರೀಮತಿ ಬಿನ್ಸ್ ಅವರಿಗೆ,

ಮಾನ್ಯರೆ,

ಈ ತಿಂಗಳ 12ರಂದು ಸೇರಿದ ಸಮಿತಿಯು ನಾಲ್ಕನೇ ನಿಯಮದ ‘ಯಾರ್ಕ್‌ಷೈರ್’ ಎಂಬುದಕ್ಕೆ ಸದ್ಯ ಜಾರಿಯಲ್ಲಿರುವ ಆಡಳಿತದ ಗಡಿಯನ್ನೇ ಅನುಸರಿಸತಕ್ಕದ್ದೆಂದು ತೀರ್ಮಾನಿಸಿದೆ. ಆದ್ದರಿಂದ ಹಳ್ಳದ ಪಶ್ಚಿಮ ದಂಡೆಯ ನಿವಾಸಿಗಳಾದ ತಾವು ಈ ಸಾಲಿನಿಂದ ಯಾವ ವಿಭಾಗದಲ್ಲಿಯೂ ಸ್ಪರ್ಧಿಸಲು ಅರ್ಹರಲ್ಲವೆಂದು ತಿಳಿಸಲು ವಿಷಾದಿಸುತ್ತೇನೆ. ಪ್ರೇಕ್ಷಕರಾಗಿ ತಮಗೆ ಸದಾ ಸ್ವಾಗತವಿದೆ.

ತಮ್ಮ ವಿಶ್ವಾಸಿ,
ಎಫ್. ಸಗ್ಡನ್ (ಶ್ರೀಮತಿ)
ಗೌರವ ಕಾರ್ಯದರ್ಶಿ


ಮಿಲ್ ಕಾಟೇಜ್
17 ಜೂನ್ 1974

ಮಾನ್ಯ ಗೌರವ ಕಾರ್ಯದರ್ಶಿಯವರೆ,

ತಮ್ಮ ವಿಷಾದ ತಲುಪಿತು. ಲಕೋಟೆಯ ಮೇಲೆ ‘ಲ್ಯಾಂಕಷೈರ್’ ಅಂತ ಎಷ್ಟು ದಪ್ಪಕ್ಷರದಲ್ಲಿ ಬರೆದಿದ್ದೀರಿ! ಎರಡು ಸಲ ಗೆರೆಯನ್ನೂ ಎಳೆದಿದ್ದೀರಿ.

ಕ್ಲಿಫರ್ಡ್ ಅದನ್ನು ಕೈಗೆ ಕೊಡುವಾಗ ಮುಖ ನೋಡಲಿಲ್ಲ. “ಏನೋ ಕ್ಲಿಫರ್ಡ್, ಯಾರಾದ್ರೂ ಸತ್ರಾ?” ಅಂದೆ. “ಹಾಗೇನಿಲ್ಲಮ್ಮ. ಸಮಿತೀಲಿ ನಾಲ್ಕು ಜನ ನಿಮ್ ಕಡೆ, ನಾಲ್ಕು ಜನ ವಿರುದ್ಧ. ಅಧ್ಯಕ್ಷರಿಗೆ ಕಾಲುಬಾವು, ಬಂದಿರಲಿಲ್ಲ. ಕುರ್ಚೀಲಿ ಯಾರಿದ್ರೋ ಅವರ ಓಟೇ ಕೊನೇದು” ಅಂದ. “ಯಾರಿದ್ರು?” ಅಂದರೆ ಸೈಕಲ್ ಹತ್ತಿಬಿಟ್ಟ.

ಅಕ್ಕಾ, ಯಾರಿದ್ದರು?

ಗಡಿ ಬರೀ ಆಡಳಿತಕ್ಕೆ, ಜನರ ಅಭಿಮಾನಕ್ಕೆ ಅಲ್ಲ ಅಂತ ಸರ್ಕಾರವೇ ಪತ್ರಿಕೆಯಲ್ಲಿ ಹೇಳಿದೆ. ನಾವಿಬ್ಬರೂ ಹುಟ್ಟಿದ ಯಾರ್ಕ್‌ಷೈರಿನ ಸೀಮೆ, ಸಾವಿರ ವರ್ಷದ ವೆಸ್ಟ್ ರೈಡಿಂಗನ್ನು ಒಂದು ಕಾಯಿದೆ ಅಳಿಸುವುದಾದರೆ ನೀನೂ ಈಗ ವೆಸ್ಟ್ ರೈಡಿಂಗಿನವಳಲ್ಲ, ಯಾವುದೋ ‘ಉತ್ತರ’ದವಳು. ಹೋಗಲಿ ಬಿಡು. ದೂರದ ದಕ್ಷಿಣದ ಕೆಂಟ್‌ನ ಬ್ಯಾಂಕಿನಿಂದ ನಿವೃತ್ತನಾಗಿ ಬಂದು ಚರ್ಚಿನ ಹಿಂದೆ ಬಾಡಿಗೆಗಿರುವ ಆ ಪೆಟಿಫರ್, ಇನ್ನೂ ನಮ್ಮ ಮಾತು ಅರ್ಥವಾಗದೆ ಎಲ್ಲದಕ್ಕೂ ತಲೆಯಾಡಿಸುವವನು, ಅವನು ಯಾರ್ಕ್‌ಷೈರಿನವನು. ನಾನಲ್ಲ! ಇದು ನಿನ್ನ ನ್ಯಾಯ.

ನಿನಗೆ ಏನು ಕಡಿಮೆಯಾಗಿತ್ತು ಅಂತ ಇದೊಂದನ್ನೂ ಕಿತ್ತುಕೊಂಡೆ? ಹೈ ಫೋಲ್ಡ್ ನಿನಗೆ ಬಂತು. ದನ ನಿನಗೆ ಬಂತು. ಕೊನೆಯ ಆರು ವರ್ಷ ಅಮ್ಮ ನಿನ್ನ ಮನೆಯಲ್ಲಿದ್ದಳು, ನಿನ್ನ ಕೈಹಿಡಿದು ಸತ್ತಳು. ನನಗೆ ಸುದ್ದಿ ಬಂದದ್ದು ಕ್ಲಿಫರ್ಡ್‌ನಿಂದ. ನನ್ನ ಬಳಿ ಇದ್ದದ್ದು ಒಂದು ಟಾರ್ಟು.

ಇತಿ, ಅನರ್ಹಳಾದ
ಆಲಿವ್ ಬಿನ್ಸ್


ಹೈ ಫೋಲ್ಡ್
22 ಜೂನ್ 1974

ಆಲಿವ್,

ಹೌದು, ನಾನೇ.

ಕೈ ಎತ್ತುವ ಮುಂಚೆ ಯೋಚಿಸಿದೆಯಾ ಅಂತ ಕೇಳುತ್ತೀಯ. ಯೋಚಿಸಿದೆ. ಸುಮಾರು ನಲವತ್ತು ವರ್ಷದಿಂದ ಯೋಚಿಸಿದ್ದೇನೆ. ನನಗೆ ಹದಿನೈದು, ನಿನಗೆ ಹನ್ನೊಂದು. ಶನಿವಾರ ಬೇಯಿಸುವ ದಿನ ಬಂತೆಂದರೆ ಅಮ್ಮ “ಫ್ರೀಡಾ, ನೀನು ಕೊಟ್ಟಿಗೆಗೆ ಹೋಗು. ಆಲಿವ್, ನೀನಿಲ್ಲಿ ಕೂತ್ಕೋ” ಅನ್ನುತ್ತಿದ್ದಳು. ನಾನು ಕೈ ಮರಗಟ್ಟುವ ಚಳಿಯಲ್ಲಿ ಹಾಲು ಕರೆದು ಬರುವ ಹೊತ್ತಿಗೆ ಅಡುಗೆಮನೆಯ ಬಾಗಿಲು ಹಾಕಿರುತ್ತಿತ್ತು. ಒಳಗೆ ನೀವಿಬ್ಬರೂ ಮಾತಾಡುವುದು ಕೇಳಿಸುತ್ತಿತ್ತು. ನಾನು ಒಳಗೆ ಕಾಲಿಟ್ಟೊಡನೆ ಮಾತು ನಿಲ್ಲುತ್ತಿತ್ತು. ಏನೋ ಹೇಳಿಕೊಡುತ್ತಿದ್ದಳು ನಿನಗೆ. ನನಗೆ ಹೇಳಲಿಲ್ಲ. ಕೊನೆಯ ಆರು ವರ್ಷ ನನ್ನ ಮನೆಯಲ್ಲಿದ್ದಾಗ ಅವಳಿಗೆ ನನ್ನ ಹೆಸರೂ ಸರಿಯಾಗಿ ನೆನಪಿರಲಿಲ್ಲ. ಆ ಕೈಹಿಡಿದದ್ದಕ್ಕೆ ನೀನು ಹೊಟ್ಟೆಕಿಚ್ಚು ಪಡುತ್ತೀಯಾ? ಒಂದು ವಾರ ಆ ಹಾಸಿಗೆ ಬಟ್ಟೆ ಒಗೆದು ನೋಡಬೇಕಿತ್ತು.

ನಾನೂ ಅದೇ ಬೆಣ್ಣೆ, ಅದೇ ಒಣದ್ರಾಕ್ಷಿ, ಅದೇ ಜಾಯಿಕಾಯಿ ಹಾಕುತ್ತೇನೆ. ಆದರೂ ನನ್ನದು ಬಾಯಲ್ಲಿ ಹಿಟ್ಟುಹಿಟ್ಟಾಗುತ್ತದೆ, ನಿನ್ನದು ಕರಗುತ್ತದೆ. ನೀನಿಲ್ಲದ ಒಂದೇ ಒಂದು ವರ್ಷ ಕೆಂಪು ಚೀಟಿ ನನಗೆ ಬರಲಿ ಅಂತ ಆಸೆಪಟ್ಟೆ. ಅದಕ್ಕೆ ಸರ್ಕಾರ ದಾರಿ ಮಾಡಿಕೊಟ್ಟಿತು, ನಾನು ನಡೆದೆ.

ಕೌಸ್ಲಿಪ್ ಆಗಸ್ಟ್‌ನಲ್ಲಿ ಈಯುತ್ತದೆ. ಗಿಣ್ಣುಹಾಲು ಕಳಿಸುತ್ತೇನೆ. ನೆರೆಯವರಿಗೆ ಕೊಡದೆ ತಾನೊಬ್ಬಳೇ ಇಟ್ಟುಕೊಂಡಳು ಅಂತ ಅನ್ನಿಸಿಕೊಳ್ಳುವವಳಲ್ಲ ನಾನು. ಸ್ಪರ್ಧೆ ಬೇರೆ, ಗಿಣ್ಣು ಬೇರೆ.

ಫ್ರೀಡಾ


ಹೈ ಫೋಲ್ಡ್
20 ಆಗಸ್ಟ್ 1974

ಆಲಿವ್,

ಇಷ್ಟು ಕೆಳಗಿಳಿಯುತ್ತೀ ಅಂದುಕೊಂಡಿರಲಿಲ್ಲ.

ನಿನ್ನೆ ಕ್ಲಿಫರ್ಡ್ ಕೈಲಿ ಕಳಿಸಿದ ಕ್ಯಾನ್ ಇವತ್ತು ವಾಪಸು ಬಂತು. ತೊಳೆದಿದ್ದೀಯ. ಬರೀ ತೊಳೆದದ್ದಲ್ಲ, ಸೋಡಾ ಹಾಕಿ ಉಜ್ಜಿ ಕನ್ನಡಿ ಮಾಡಿದ್ದೀಯ! ಗಿಣ್ಣಿನ ಪಾತ್ರೆಯನ್ನು ತೊಳೆಯದೆ ಹಿಂದಿರುಗಿಸಬೇಕು, ತೊಳೆದರೆ ಕರು ದಕ್ಕುವುದಿಲ್ಲ ಅನ್ನುವುದು ಈ ಕಣಿವೆಯಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಅಮ್ಮ ನಮ್ಮಿಬ್ಬರ ಬೆರಳಿಗೂ ಬಡಿದು ಕಲಿಸಿದ್ದು. ಲ್ಯಾಂಕಷೈರಿಗೆ ಹೋಗಿ ನಾಲ್ಕು ತಿಂಗಳಿಗೆ ಮರೆತೆಯಾ?

ಕರು ಬೆಳಿಗ್ಗೆಯಿಂದ ಭೇದಿ ಮಾಡಿಕೊಂಡು ಮಲಗಿದೆ. ಹೆಣ್ಣುಕರು. ಕ್ಲಿಫರ್ಡ್ ಕ್ಯಾನನ್ನು ನೋಡಿ ಟೊಪ್ಪಿ ತೆಗೆದ. ನನ್ನ ಮೇಲೆ ಸೇಡಿದ್ದರೆ ನನ್ನ ಕಿಟಕಿಗೆ ಕಲ್ಲು ಹೊಡೆಯಬಹುದಿತ್ತು. ಎರಡು ದಿನದ ಕರು ನಿನಗೇನು ಮಾಡಿತ್ತು?

ಫ್ರೀಡಾ ಸಗ್ಡನ್


ಮಿಲ್ ಕಾಟೇಜ್
23 ಆಗಸ್ಟ್ 1974

ಅಕ್ಕಾ,

ತೊಳೆದದ್ದು ಜಾನಿಸ್. ನಾನು ಮೇಲಿದ್ದೆ. ಇಳಿದು ಬಂದಾಗ ಕ್ಯಾನನ್ನು ಬಟ್ಟೆಯಿಂದ ಒರೆಸುತ್ತ ನಿಂತಿದ್ದಳು. “ಅಯ್ಯೋ, ಏನ್ ಮಾಡ್ದೆ ಹುಡ್ಗೀ!” ಅಂತ ಕೂಗಿಕೊಂಡೆ. ಅವಳು ಬಿಳಿಚಿಕೊಂಡು, “ಬೇರೆಯವರ ಪಾತ್ರೇನ ಕೊಳಕು ಕೊಳಕಾಗಿ ಹೇಗ್ ಕಳ್ಸೋದು ಅತ್ತೆ? ನಮ್ಮಮ್ಮ ಹಾಗೆ ಬೆಳೆಸಿಲ್ಲ ನನ್ನ” ಅಂದಳು. ಒಳ್ಳೆಯ ಮನೆಯಿಂದ ಬಂದವಳು ಮಾಡುವ ತಪ್ಪು ಅದು, ನನ್ನದಲ್ಲ.

ಆದರೆ ನಿಜ ಹೇಳುತ್ತೇನೆ. ನಿನ್ನ ಕಾಗದ ಓದಿದಾಗ ಒಂದು ಗಳಿಗೆ ‘ನಾನೇ ತೊಳೆದಿದ್ದರೆ ಚೆನ್ನಾಗಿತ್ತು’ ಅನ್ನಿಸಿತು. ಆಮೇಲೆ ನಾಚಿಕೆಯಾಯಿತು. ಕರು ಹೇಗಿದೆ ಅಂತ ಕ್ಲಿಫರ್ಡ್‌ನನ್ನು ದಿನಾ ಕೇಳುತ್ತಿದ್ದೇನೆ. ನಿನ್ನೆ ಎದ್ದು ನಿಂತಿತಂತೆ.

ಇನ್ನೊಂದು ಸುದ್ದಿ, ನಿನಗೆ ಹಬ್ಬ. ಈ ಕಡೆಯ ಲ್ಯಾಂಕಷೈರ್ ಪ್ರದರ್ಶನಕ್ಕೆ ಅರ್ಜಿ ಹಾಕಿದ್ದೆ. ಹೇಗೂ ಅವರಿಗೆ ಸೇರಿದ್ದೇನಲ್ಲ ಅಂತ. ಅವರ ನಿಯಮದಲ್ಲಿ ‘ಲ್ಯಾಂಕಷೈರಿನಲ್ಲಿ ಜನಿಸಿದವರಿಗೆ ಮಾತ್ರ’ ಅಂತಿದೆ. ಅವರದು ಹುಟ್ಟಿನ ಗಡಿ, ನಿಮ್ಮದು ಕಾಯಿದೆಯ ಗಡಿ. ನಾನು ಹುಟ್ಟಿದ್ದು ಅಲ್ಲಿ, ಇರುವುದು ಇಲ್ಲಿ. ಎರಡು ಬಾಗಿಲೂ ಮುಚ್ಚಿದವು.

ನಾಳೆ ಪ್ರದರ್ಶನ. ಒಳ್ಳೆಯದಾಗಲಿ ಅಂತ ಬರೆಯಬೇಕೆಂದು ಮೂರು ಸಲ ಪೆನ್ನು ಊರಿದೆ. ಕೈ ಬರುತ್ತಿಲ್ಲ.

ಆಲಿವ್


ಹೈ ಫೋಲ್ಡ್
28 ಆಗಸ್ಟ್ 1974

ಆಲಿವ್,

ನಿನ್ನ 23ರ ಕಾಗದ ಎಲ್ಲ ಮುಗಿದ ಮೇಲೆ ಸಿಕ್ಕಿತು. ಕರು ಬದುಕಿದೆ. ಅಷ್ಟರ ಮಟ್ಟಿಗೆ ಜಾನಿಸ್‌ಗೆ ಹೇಳು.

ನಿನಗೆ ಆಗಲೇ ಗೊತ್ತಿರಬೇಕು, ಆದರೂ ನನ್ನ ಕೈಯಾರೆ ಬರೆಯುತ್ತೇನೆ. ಟಾರ್ಟ್ ವಿಭಾಗದಲ್ಲಿ ಏಳು ತಟ್ಟೆ. ಹ್ಯಾರೋಗೇಟ್‌ನಿಂದ ಬಂದ ತೀರ್ಪುಗಾರ್ತಿ ಚಮಚ ಹಿಡಿದು ಸಾಲಿನುದ್ದಕ್ಕೂ ಹೋದಳು. ನಾನು ಹೊಸ ಟೊಪ್ಪಿ ಹಾಕಿದ್ದೆ. ಕೆಂಪು ಚೀಟಿ ಪೆಟಿಫರ್‌ಗೆ. ನೀಲಿ ಚೀಟಿ ಶ್ರೀಮತಿ ಎಫ್. ಸಗ್ಡನ್. ಹನ್ನೆರಡನೆಯದು.

ಡೇರೆಯಲ್ಲಿ ಜನ ಕಿಸಕ್ಕೆಂದರು. ಕಟುಕ ವಿಲ್ಫ್ರೆಡ್ ಬಂದು ನನ್ನ ಕಿವಿಯ ಹತ್ತಿರ “ಏನ್ ಫ್ರೀಡಾ, ಈ ಸಲ ಕೆಂಟನ್ನೂ ಗಡಿಯಾಚೆ ಹಾಕ್ಬೇಕಿತ್ತು ನೋಡು” ಅಂದ. ನಿಯಮ ನನ್ನದೇ, ಯಾರಿಗೆ ಹೇಳಲಿ. ಪೆಟಿಫರ್ ಒಳ್ಳೆಯ ಮನುಷ್ಯ, ಮೇಲೆ ಬಿದ್ದು ಕೈಕುಲುಕಿ ತನ್ನ ತಟ್ಟೆಯಿಂದ ಒಂದು ತುಂಡು ಕೊಟ್ಟ. ಬಾಯಿಗಿಟ್ಟೆ.

ಆಲಿವ್, ಅದು ಅಮ್ಮನ ಟಾರ್ಟು.

“ಯಾರ್ರೀ ನಿಮಗೆ ಕಲಿಸಿದ್ದು?” ಅಂದೆ. ಅವನು ಕಿವಿವರೆಗೂ ಕೆಂಪಾಗಿ, “ಹೇಳ್ಬೇಡ ಅಂದಿದಾರೆ ಮೇಡಂ” ಅಂದ. ಅಷ್ಟು ಸಾಕಾಯಿತು. ಗಿಣ್ಣೂ ನನ್ನ ಕ್ಯಾನಿನದೇ ಇರಬೇಕು.

ಸೋತದ್ದಕ್ಕೆ ನನಗೆ ಅಳು ಬರಲಿಲ್ಲ, ಅದು ಅಭ್ಯಾಸವಾಗಿದೆ. ನಿನ್ನ ಕೈಲಿ ಸೋತರೆ ಅದು ನಮ್ಮನೆಯ ಸೋಲು, ಉರಿದರೂ ನನ್ನದೇ ಉರಿ. ಆದರೆ ಒಡಹುಟ್ಟಿದವಳಿಗೆ ಇಷ್ಟು ವರ್ಷ ಹೇಳದ್ದನ್ನು ದಾರಿಹೋಕನಿಗೆ ಹೇಳಿಕೊಟ್ಟೆಯಲ್ಲ. ಅವನು ನಿನ್ನ ಅಡುಗೆಮನೆಯಲ್ಲಿ, ಬಾಗಿಲು ಹಾಕಿಕೊಂಡು, ನಾನು ಒಮ್ಮೆಯೂ ಕೂರದ ಕಡೆ ಕೂತಿದ್ದ. ಮನೆಗೆ ಬಂದು ಕೊಟ್ಟಿಗೆಯಲ್ಲಿ ಕೌಸ್ಲಿಪ್ ಪಕ್ಕ ನಿಂತು ಅತ್ತೆ. ಮುದುಕಿಗೆ ನಾಚಿಕೆಯಿಲ್ಲ ಅನ್ನು.

ಫ್ರೀಡಾ


ಮಿಲ್ ಕಾಟೇಜ್
10 ಸೆಪ್ಟೆಂಬರ್ 1974

ಅಕ್ಕಾ,

ಹೌದು, ನಾನೇ. ನೀನು ಜೂನ್‌ನಲ್ಲಿ ಬರೆದ ಹಾಗೆಯೇ ಬರೆಯುತ್ತಿದ್ದೇನೆ.

ಕೆಂಪು ಚೀಟಿ ನನಗಿಲ್ಲದಿದ್ದರೆ ನಿನಗೂ ಬೇಡ ಅನ್ನಿಸಿತು. ಪೆಟಿಫರ್ ಜುಲೈನಲ್ಲಿ ನಡೆದುಕೊಂಡು ಸೇತುವೆ ದಾಟಿ ಬಂದ. ಬಾಗಿಲಲ್ಲಿ ಟೊಪ್ಪಿ ತೆಗೆದು, “ನಿಮ್ಮ ಟಾರ್ಟ್ ಹೋದ ವರ್ಷ ತಿಂದಿದ್ದೆ. ಹೆಂಡತಿ ಹೋದ್ಮೇಲೆ ಊಟ ರುಚಿಸಿದ್ದು ಅದೇ ಮೊದಲು. ಹೇಗ್ ಮಾಡ್ತೀರಿ, ದಯವಿಟ್ಟು ಹೇಳ್ಕೊಡ್ತೀರಾ?” ಅಂದ. ಮೊದಲು ಕರುಣೆಯಿಂದ ಒಪ್ಪಿದೆ ಅಂದುಕೊಂಡೆ. ಮೂರನೇ ದಿನ, ಮಾಮೂಲಿ ಹಾಲು ಒಡೆಸಿ ಅಭ್ಯಾಸಕ್ಕೆ ಮಾಡಿದ ಅವನ ತಟ್ಟೆ ಒಲೆಯಿಂದ ಹೊರಗೆ ಬಂದಾಗ ನನಗೆ ನಗು ಬಂತು, ನಿನ್ನ ಮುಖ ನೆನೆದು. ಕರುಣೆಯಾಗಿರಲಿಲ್ಲ ಅದು. ನಿನ್ನ ಹನ್ನೆರಡನೇ ನೀಲಿ ಚೀಟಿ ನಾನೇ ಬರೆದದ್ದು.

ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಪ್ರದರ್ಶನದ ಸಂಜೆ ಅವನು ಚೀಟಿ ತಂದು ತೋರಿಸಿದ. ನೋಡಲಾಗಲಿಲ್ಲ.

ಆದರೆ ಒಂದು ಮಾತು. ದಾರಿಹೋಕನಿಗೆ ಹೇಳಿದೆ, ನನಗೆ ಹೇಳಲಿಲ್ಲ ಅಂತೀಯ. ಅವನು ಕೇಳಿದ ಅಕ್ಕಾ. ನೀನು ಹನ್ನೊಂದು ವರ್ಷ ಹೊಟ್ಟೆ ಉರಿದುಕೊಂಡೆ, ತಟ್ಟೆ ಕುಕ್ಕಿದೆ, ಗಡಿ ಎಳೆದೆ. ಒಂದೇ ಒಂದು ಸಲ ಕೇಳಲಿಲ್ಲ.

ಆಲಿವ್


ಹೈ ಫೋಲ್ಡ್
8 ನವೆಂಬರ್ 1974

ಆಲಿವ್,

ಎರಡು ತಿಂಗಳು ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ.

ನಿನ್ನೆ ಪ್ರದರ್ಶನದ ವಾರ್ಷಿಕ ಸಭೆ. ನಾಲ್ಕನೇ ನಿಯಮ ಬದಲಿಸಬೇಕು ಅಂತ ನಾನೇ ಎದ್ದು ನಿಂತೆ. ಹಳೆಯ ಯಾರ್ಕ್‌ಷೈರಿನಲ್ಲಿ ಹುಟ್ಟಿದವರೂ ಬರಬಹುದು, ಈಗಿನದರಲ್ಲಿ ಇರುವವರೂ ಬರಬಹುದು ಅಂತ. ವಿಲ್ಫ್ರೆಡ್ ಸುಮ್ಮನಿರುತ್ತಾನಾ?

“ಏನಮ್ಮಾ ಫ್ರೀಡಾ, ಜೂನಲ್ಲೊಂದು ಮಾತು, ನವೆಂಬರಲ್ಲೊಂದು ಮಾತಾ? ಆವತ್ತು ಕಾಯಿದೆ ಕಾಯಿದೆ ಅಂತ ಮೇಜು ಗುದ್ದಿದ್ದೆ!”

“ಜೂನಲ್ಲಿ ಹೊಟ್ಟೆಕಿಚ್ಚಿಗೆ ಓಟು ಹಾಕಿದ್ದೆ ಕಣೋ,” ಅಂದೆ. “ಈಗ್ಲೂ ಹೊಟ್ಟೆಕಿಚ್ಚಿಗೇ ಹಾಕ್ತಿದೀನಿ. ಸೋತ್ರೆ ನನ್ನ ತಂಗಿ ಕೈಲೇ ಸೋಲ್ಬೇಕು ನಾನು. ಬೇರೆಯವರ ಕೈಲಿ ಸೋಲೋಕೆ ನನಗೆ ಆಗಲ್ಲ.”

ಯಾರೂ ನಗಲಿಲ್ಲ. ಆಮೇಲೆ ಪೆಟಿಫರ್ ಮೊದಲು ಕೈ ಎತ್ತಿದ. ಆರು ಜನ ಪರ, ಇಬ್ಬರು ವಿರೋಧ. ಮುಂದಿನ ಆಗಸ್ಟ್‌ಗೆ ನಿನ್ನ ಅರ್ಜಿ ಇದರ ಜೊತೆಗಿದೆ. ಬೋರ್ಡು ಎಲ್ಲಿದೆಯೋ ಅಲ್ಲೇ ಇರುತ್ತದೆ, ಅದು ನನ್ನ ಕೈಲಿಲ್ಲ.

ಪ್ರೀತಿ ಉಕ್ಕಿ ಬಂದು ಮಾಡಿದೆ ಅಂದುಕೊಳ್ಳಬೇಡ. ನಿನ್ನ ಗೋಡೆಯ ಮೇಲಿನ ಆ ಚೌಕಟ್ಟುಗಳನ್ನು ನೆನೆದರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ. ಆದರೆ ನಿನ್ನ ಕಾಗದದ ಕೊನೆಯ ಸಾಲನ್ನು ಎರಡು ತಿಂಗಳಿಂದ ಏಪ್ರನ್ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದೇನೆ. ನೀನು ಹೇಳಿದ್ದು ನಿಜ. ಕೇಳಿದರೆ ಅಮ್ಮ ನನಗೆ ಕೊಡಲಿಲ್ಲ ಅಂತ ನಾನೇ ಒಪ್ಪಿಕೊಂಡಂತೆ ಆಗುತ್ತಿತ್ತು. ಅದಕ್ಕೇ ಕೇಳಲಿಲ್ಲ.

ಈಗ ಐವತ್ತೆಂಟಾಯಿತು. ಕೇಳುತ್ತಿದ್ದೇನೆ. ಬಾಗಿಲು ಹಾಕಿಕೊಂಡು ಅಮ್ಮ ನಿನಗೆ ಏನು ಹೇಳಿಕೊಡುತ್ತಿದ್ದಳು?

ನಿನ್ನ ಅಕ್ಕ,
ಫ್ರೀಡಾ


ಮಿಲ್ ಕಾಟೇಜ್
12 ನವೆಂಬರ್ 1974

ಅಕ್ಕಾ,

ನೀನು ಗಿಣ್ಣನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡುತ್ತೀಯ. ಹಿಂಡಬೇಡ. ಕೊಕ್ಕೆಗೆ ನೇತುಹಾಕಿ ಬಿಟ್ಟುಬಿಡು, ಅರ್ಧ ದಿನ ತಾನಾಗಿ ಸೋರಲಿ. ನಿನಗೆ ದನದ ಕೆಲಸ, ಪುರುಸೊತ್ತಿಲ್ಲ, ಅದಕ್ಕೆ ಹಿಂಡುತ್ತೀಯ. ಹಿಂಡಿದರೆ ಹಿಟ್ಟಾಗುತ್ತದೆ. ಗುಟ್ಟು ಅಂದರೆ ಇಷ್ಟೇ. ಹೇಳಲು ಅರ್ಧ ನಿಮಿಷ ಸಾಕು.

ಉಳಿದ ಹೊತ್ತೆಲ್ಲ ಅಮ್ಮ ಏನು ಮಾತಾಡುತ್ತಿದ್ದಳು ಅಂತ ಕೇಳಿದ್ದೀಯ. ನಿನ್ನ ಬಗ್ಗೆ. ಪ್ರತಿ ಶನಿವಾರ ನಿನ್ನ ಬಗ್ಗೆಯೇ. “ನಿಮ್ಮಕ್ಕನ ಕೈ ಸೋಕಿದ್ರೆ ಒದೆಯೋ ಹಸೂನೂ ಸುಮ್ನೆ ನಿಂತ್ಕೊಳುತ್ತೆ. ಗಂಡುಮಗ ಇಲ್ದಿರೋ ಮನೇನ ಎತ್ತಿ ನಿಲ್ಸಿದಾಳೆ ಆ ಹುಡುಗಿ. ಅವಳ ಹಾಗೆ ನೀನು ಯಾವತ್ತು ಆಗ್ತೀಯೋ? ಇಲ್ಲೇ ಕೂತು ಗಿಣ್ಣು ಸೋರೋದನ್ನ ನೋಡ್ಕೋ. ನಿನ್ನ ಕೈಲಾಗೋದು ಅಷ್ಟೇ.” ನೀನು ಬಾಗಿಲು ತೆರೆದೊಡನೆ ಸುಮ್ಮನಾಗುತ್ತಿದ್ದಳು. ಎದುರಿಗೆ ಹೊಗಳಿದರೆ ಮಕ್ಕಳು ಕೆಡುತ್ತಾರೆ ಅಂತ ಅವಳ ನಂಬಿಕೆ.

ಹಿಂಡಬೇಡ ಅಂತ ಎಂದೋ ಹೇಳಬಹುದಿತ್ತು. ಹೇಳಿದ್ದರೆ ಅಮ್ಮ ಇನ್ನೇನು ಹೇಳಿದಳು ಅಂತ ನೀನು ಕೇಳುತ್ತಿದ್ದೆ. ಅಮ್ಮನ ಆ ಮಾತುಗಳನ್ನೂ ನಿನಗೆ ಕೊಟ್ಟುಬಿಟ್ಟಿದ್ದರೆ ನನ್ನ ಹತ್ತಿರ ಏನೂ ಉಳಿಯುತ್ತಿರಲಿಲ್ಲ. ಅದಕ್ಕೇ ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ನಿನ್ನ ತಂಗಿ,
ಆಲಿವ್